ಭಾವನ ದ್ರಾಕ್ಷಿ ಕ್ಯಾಲೆಂಡರ್

ನನ್ನ ಭಾವ ಜಾಸ್ತಿ ಕುಡಿಯುವವರಲ್ಲ. ಒಂದು ಗ್ಲಾಸ್ ವೈನ್ ಕೈಗೆ ಕೊಟ್ಟರೆ ಇಡೀ ಸಂಜೆ ಅದನ್ನೇ ತಿರುಗಿಸುತ್ತಾ, ಮೂಸುತ್ತಾ, ಬೆಳಕಿಗೆ ಹಿಡಿಯುತ್ತಾ ಕಳೆಯುತ್ತಾರೆ. ಅವರ ಹುಚ್ಚು ಬೇರೆ ಥರದ್ದು. ವೈನ್ ಮಾಡುವ ಹೆಸರಾಂತ ದ್ರಾಕ್ಷಿ ತಳಿಗಳಿಗೆ ವರ್ಷದಲ್ಲಿ ಒಂದೊಂದು ದಿನ ಮೀಸಲಿದೆ ಅಂತ ಅವರಿಗೆ ಹೇಗೋ ಗೊತ್ತಾಯಿತು. ಅವತ್ತೇ ಕೂತು ಒಂದು ಕ್ಯಾಲೆಂಡರ್ ಬರೆದರು, ಫ್ರಿಜ್ ಬಾಗಿಲಿಗೆ ಅಂಟಿಸಿದರು. ಅಲ್ಲಿದ್ದ ಕರೆಂಟ್ ಬಿಲ್ ಕೆಳಗೆ ಬಿದ್ದು ಫ್ರಿಜ್ಜಿನ ಅಡಿಗೆ ಸೇರಿಕೊಂಡಿತು. ಅದನ್ನು ಕಟ್ಟುವ ಕೊನೇ ದಿನ ಮನೆಯಲ್ಲಿ ಯಾರಿಗೂ ನೆನಪಾಗಲಿಲ್ಲ. ಕ್ಯಾಲೆಂಡರಿನ ಮೊದಲ ಅನಾಹುತ ಅದು. ಕತ್ತಲಲ್ಲಿ ಕೂತು ಅಕ್ಕ ಹೇಳಿದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ.

ಕೆಲವು ದಿನಗಳು ಸಾಧು ಸ್ವಭಾವದವು. ಮಾಲ್ಬೆಕ್‌ಗೆ ಏಪ್ರಿಲ್ 17, ಪಿನೋ ನ್ವಾರ್‌ಗೆ ಆಗಸ್ಟ್ 18, ಮೆರ್ಲೋಗೆ ನವೆಂಬರ್ 7. ಕೂರಿಸಿದ ಜಾಗದಲ್ಲಿ ಕೂತಿರುತ್ತವೆ. ಇನ್ನು ಕೆಲವಕ್ಕೆ ಕಾಲಿದೆ. ಸೋವಿನ್ಯೋ ಬ್ಲಾಂ ದಿನ ಮೇ ತಿಂಗಳ ಮೊದಲ ಶುಕ್ರವಾರ. ಗ್ರೆನಾಶ್ ದಿನ ಸೆಪ್ಟೆಂಬರಿನ ಮೂರನೇ ಶುಕ್ರವಾರ. ಶಾರ್ಡೊನೇ ದಿನವಂತೂ ಅಮೆರಿಕದವರ ಮೆಮೋರಿಯಲ್ ಡೇಗೆ ಹಿಂದಿನ ಗುರುವಾರ. ಅದು ತಿಳಿಯಬೇಕಾದರೆ ಮೊದಲು ಮೆಮೋರಿಯಲ್ ಡೇ ಯಾವತ್ತು ಅಂತ ಗೊತ್ತಿರಬೇಕು. ಅದು ಮೇ ತಿಂಗಳ ಕೊನೇ ಸೋಮವಾರ. ಭಾವ ನಾಲ್ಕನೇ ಸೋಮವಾರ ಅಂದುಕೊಂಡಿದ್ದರು. ಆ ವರ್ಷ ಮೇ ತಿಂಗಳಲ್ಲಿ ಐದು ಸೋಮವಾರ ಬಂದಿದ್ದವು.

ಹೀಗಾಗಿ ಊರಿಗೆಲ್ಲ ಒಂದು ವಾರ ಮೊದಲೇ ನಮ್ಮ ಮನೆಯಲ್ಲಿ ಶಾರ್ಡೊನೇ ದಿನ ಬಂತು. ವಿಷಯ ಬಯಲಾಗಿದ್ದು ಭಾವನ ಆಫೀಸಿನವರೊಬ್ಬರು ಫೋನ್ ತೆಗೆದು ನೋಡಿದಾಗ. ಅಷ್ಟೊತ್ತಿಗೆ ಎರಡನೇ ಬಾಟಲಿಯ ಬಿರಡೆ ತೆಗೆದಾಗಿತ್ತು.

"ಹೋಗಲಿ ಬಿಡಿ ಭಾವ, ಇವತ್ತು ಯಾವ ವಾರ ಅಂತ ದ್ರಾಕ್ಷಿಗೇನು ಗೊತ್ತು?" ಅಂದೆ ಸಮಾಧಾನಕ್ಕೆ.

ಅವರು ಒಪ್ಪಲಿಲ್ಲ. ಮುಂದಿನ ಗುರುವಾರ ಅದೇ ಜನರನ್ನು ಮತ್ತೆ ಕರೆದರು. ಜನ ಏನೂ ಬೇಸರ ಮಾಡಿಕೊಳ್ಳದೆ ಬಂದರು. ಆಫೀಸಿನವರು ತಮ್ಮ ತಮ್ಮನನ್ನೂ ಕರೆದುಕೊಂಡು ಬಂದರು.

ಈ ದಿನಗಳನ್ನೆಲ್ಲ ಯಾರು ಹುಟ್ಟುಹಾಕಿದರು ಅಂತ ಕೇಳಿದರೆ ಬಹುಪಾಲು ಉತ್ತರ ಒಂದೇ. ವೈನ್ ಮಾರುವವರು. ಅದರಲ್ಲಿ ತಪ್ಪೇನಿಲ್ಲ, ಅವರೂ ಬದುಕಬೇಕಲ್ವಾ. ಆದರೆ ನನ್ನ ಲೆಕ್ಕದಲ್ಲಿ ಇವುಗಳಲ್ಲಿ ಎರಡು ಜಾತಿ. ತಾರೀಖಿನ ಹಿಂದೆ ನಿಜವಾಗಿ ಏನೋ ನಡೆದಿರುವ ದಿನಗಳು ಒಂದು. ಸುಮ್ನೆ ಗುರುವಾರವೋ ಶುಕ್ರವಾರವೋ ನೋಡಿ ಇಟ್ಟುಕೊಂಡವು ಇನ್ನೊಂದು. ಮೊದಲನೇ ಜಾತಿಗೆ ನಾನು ಗ್ಲಾಸ್ ತೊಳೆಯಲು ರೆಡಿ. ಎರಡನೆಯದಕ್ಕೆ ಬಂದವರೇ ತೊಳೆದುಕೊಂಡು ಹೋಗಲಿ.

ಮಾಲ್ಬೆಕ್ ದಿನ ಮೊದಲ ಜಾತಿಯದು. ಅರ್ಜೆಂಟೀನಾದ ವೈನ್ ಉದ್ಯಮದವರು 2011ರಲ್ಲಿ ಶುರುಮಾಡಿದ್ದು. 1853ರ ಏಪ್ರಿಲ್ 17ರಂದು ಅಲ್ಲಿನ ಮೆಂಡೋಸಾ ಪ್ರಾಂತ್ಯದಲ್ಲಿ ಒಂದು ಕೃಷಿ ಶಾಲೆ ತೆರೆಯುವ ಪ್ರಸ್ತಾವ ಮುಂದಿಟ್ಟರು. ಅದರ ಹಿಂದೆ ಇದ್ದವರು ಆಮೇಲೆ ದೇಶದ ಅಧ್ಯಕ್ಷರಾದ ಸಾರ್ಮಿಯೆಂಟೋ. ಆ ಕೆಲಸಕ್ಕೆ ಬಂದ ಫ್ರಾನ್ಸಿನ ಕೃಷಿ ತಜ್ಞ ಪೂಝೇ ತಮ್ಮ ಜೊತೆ ತಂದ ಕಡ್ಡಿಗಳಲ್ಲಿ ಮಾಲ್ಬೆಕ್ ಇತ್ತು. ತವರಾದ ಫ್ರಾನ್ಸಿನ ಕಾಹೋರ್ ಕಡೆ 1956ರ ಹಿಮ ಬಿದ್ದು ಈ ಗಿಡ ಬಹುಪಾಲು ಸತ್ತುಹೋಯಿತು. ಅರ್ಜೆಂಟೀನಾದಲ್ಲಿ ಮಾತ್ರ ಬೇರುಬಿಟ್ಟು ಆ ದೇಶದ ಗುರುತೇ ಆಗಿಬಿಟ್ಟಿತು.

ಇಷ್ಟನ್ನು ಭಾವ ಪೂರ್ತಿ ಹೇಳಲು ಆಗಲೇ ಇಲ್ಲ. ಗ್ಲಾಸನ್ನು ಮೇಜಿನ ಮೇಲಿಟ್ಟು ತಿರುಗಿಸಿದರೆ ಯಾರಿಗೂ ಅಪಾಯವಿಲ್ಲ. ಅವರು ಕೈಯಲ್ಲಿ ಹಿಡಿದು, ಮಾತಿನ ರಭಸಕ್ಕೆ ತಕ್ಕ ಹಾಗೆ ಗಾಳಿಯಲ್ಲಿ ತಿರುಗಿಸುತ್ತಾರೆ. "ಸಾವಿರದ ಎಂಟುನೂರ ಐವತ್ತ..." ಅನ್ನುವಷ್ಟರಲ್ಲಿ ವೈನ್ ಅಕ್ಕನ ಬಿಳಿ ಮೇಜುಬಟ್ಟೆಯ ಮೇಲಿತ್ತು. ಮಾಲ್ಬೆಕ್ ಅಂದರೆ ಕಡು ನೇರಳೆ. ಕುಡಿದವರ ಹಲ್ಲೇ ಬಣ್ಣಕ್ಕೆ ತಿರುಗುತ್ತದೆ, ಇನ್ನು ಹತ್ತಿ ಬಟ್ಟೆಯ ಗತಿ ಕೇಳಬೇಕೇ.

ಆಮೇಲೆ ಶುರುವಾಯಿತು ತಜ್ಞರ ಸಭೆ. ಒಬ್ಬರು ಉಪ್ಪು ಸುರಿಯಿರಿ ಅಂದರು. ಸುರಿದದ್ದಾಯಿತು. ಇನ್ನೊಬ್ಬರು ಕೆಂಪು ವೈನಿನ ಕಲೆಗೆ ಬಿಳಿ ವೈನೇ ಮದ್ದು ಅಂದರು. ಇದ್ದ ಬಿಳಿ ವೈನೂ ಮೇಜಿನ ಮೇಲೆ ಹೋಯಿತು. ಕಲೆ ಹೋಗಲಿಲ್ಲ, ಅಗಲವಾಯಿತು. ಆಫೀಸಿನವರ ತಮ್ಮ ಬಚ್ಚಲುಮನೆಗೆ ಓಡಿ ಸೋಪಿನ ಪುಡಿ ತಂದು ಹಿಡಿ ಹಿಡಿಯಾಗಿ ಹಾಕಿ ತಿಕ್ಕಿದ. ನಾವೆಲ್ಲ ನೋಡುತ್ತಿದ್ದ ಹಾಗೇ ಕಲೆ ನೀಲಿಗೆ ತಿರುಗಿತು.

ಅದಕ್ಕೆ ಕಾರಣವಿದೆ. ಕೆಂಪು ದ್ರಾಕ್ಷಿಯ ಸಿಪ್ಪೆಯಲ್ಲಿ ಆಂಥೋಸಯನಿನ್ ಅನ್ನುವ ಬಣ್ಣ ಇರುತ್ತದೆ. ಹುಳಿಯಲ್ಲಿ ಅದು ಕೆಂಪು, ಕ್ಷಾರದಲ್ಲಿ ನೀಲಿ. ವೈನ್ ಹುಳಿ, ಸೋಪಿನ ಪುಡಿ ಕ್ಷಾರ. ಭಾವ ಇದನ್ನು ಬಹಳ ಸಂಭ್ರಮದಿಂದ ವಿವರಿಸಿದರು. ಶಾಲೆಯ ಪ್ರಯೋಗಾಲಯದಲ್ಲಿ ಕೂಡ ಇಷ್ಟು ಚೆನ್ನಾಗಿ ಕಾಣಲ್ಲ ಅಂದರು.

"ರೀ, ಕೆಂಪು ಕಲೆ ಹೋಗಲಿ ಅಂದರೆ ನೀಲಿ ಕಲೆ ತಂದಿದ್ದೀರಲ್ಲ, ಅದಕ್ಕೂ ಒಂದು ದಿನ ಇದೆಯಾ?" ಅಂದಳು ಅಕ್ಕ. ಆ ಬಟ್ಟೆ ಈಗ ಶೂ ಇಡುವ ಕಪಾಟಿನ ಪರದೆ.

ರೀಸ್ಲಿಂಗ್ ದಿನ ಮಾರ್ಚ್ 13. ಇದೂ ಒಳ್ಳೇ ಜಾತಿಯದು. 1435ರ ಮಾರ್ಚ್ 13ರ ಒಂದು ಲೆಕ್ಕದ ಚೀಟಿಯಲ್ಲಿ ಈ ದ್ರಾಕ್ಷಿಯ ಹೆಸರು ಮೊದಲ ಸಲ ಕಾಣುತ್ತದೆ. ಜರ್ಮನಿಯ ರುಸ್ಸೆಲ್ಸ್‌ಹೈಮ್‌ನಲ್ಲಿ ಒಬ್ಬ ಕೌಂಟ್‌ನ ತೋಟಕ್ಕೆ ರೀಸ್ಲಿಂಗ್ ಕಡ್ಡಿ ಕೊಳ್ಳಲು 22 ಶಿಲಿಂಗ್ ಖರ್ಚಾಯಿತು ಅಂತ ಗುಮಾಸ್ತ ಬರೆದಿಟ್ಟಿದ್ದ. ಸುಮಾರು ಆರುನೂರು ವರ್ಷ ಆ ಚೀಟಿ ಉಳಿದುಬಂದಿದೆ. ನಮ್ಮ ಕರೆಂಟ್ ಬಿಲ್ ಒಂದು ತಿಂಗಳು ಉಳಿಯಲಿಲ್ಲ ನೋಡಿ.

ಆ ದಿನಕ್ಕೆ ಭಾವ ಹಳೇ ರೀಸ್ಲಿಂಗ್ ಬಾಟಲಿಯೊಂದನ್ನು ಕಷ್ಟಪಟ್ಟು ಸಂಪಾದಿಸಿದ್ದರು. ಹಳೇ ರೀಸ್ಲಿಂಗ್‌ಗೆ ಒಂದು ವಿಶೇಷವಿದೆ. ಅದು ಪೆಟ್ರೋಲ್ ವಾಸನೆ ಬರುತ್ತದೆ. ತಮಾಷೆಯಲ್ಲ. ದ್ರಾಕ್ಷಿಗೆ ಬಿಸಿಲು ಚೆನ್ನಾಗಿ ಬಿದ್ದು, ಬಾಟಲಿ ವರ್ಷಗಟ್ಟಲೆ ಮಲಗಿದ್ದರೆ ಟಿಡಿಎನ್ ಅನ್ನುವ ವಸ್ತು ಅದರಲ್ಲಿ ಹೆಚ್ಚುತ್ತದೆ. ಅದರ ವಾಸನೆ ಅದು. ಗೊತ್ತಿರುವವರು ಅದನ್ನು ಮೂಸಿ ಕಣ್ಣು ಮುಚ್ಚಿ ಸುಖಪಡುತ್ತಾರೆ.

ಗೊತ್ತಿಲ್ಲದವರು ಭಾವನ ಅಮ್ಮ. ಪಕ್ಕದಲ್ಲಿ ಹಾದುಹೋಗುತ್ತಿದ್ದವರು ಬಗ್ಗಿ ಒಂದು ಗ್ಲಾಸ್ ಮೂಸಿದರು. ತಕ್ಷಣ ಒಳಗೆ ಹೋಗಿ ಒಲೆ ಆರಿಸಿದರು. ಬೆಂಕಿಪೊಟ್ಟಣ ಸೊಂಟಕ್ಕೆ ಸಿಕ್ಕಿಸಿಕೊಂಡರು. ಕಿಟಕಿಗಳನ್ನೆಲ್ಲ ತೆಗೆದು, ಬಂದವರನ್ನೆಲ್ಲ ಹೊರಗೆ ಅಟ್ಟಿದರು.

"ಅಮ್ಮ, ಅದು ಒಳ್ಳೇ ವೈನಿನ ಲಕ್ಷಣ ಅಮ್ಮ."

"ಪೆಟ್ರೋಲ್ ವಾಸನೆ ಬರೋದು ಒಳ್ಳೇ ಲಕ್ಷಣ ಆದರೆ, ನಿನ್ನ ಗಾಡಿಗೆ ಅದನ್ನೇ ಹಾಕಿಸಿಕೊಳ್ಳಪ್ಪ."

ಒಲೆ ಮತ್ತೆ ಹೊತ್ತಿದ್ದು ಬಾಟಲಿ ಮನೆಯಿಂದ ಆಚೆ ಹೋದ ಮೇಲೆಯೇ. ಎಲ್ಲರೂ ಮೆಟ್ಟಿಲ ಮೇಲೆ ಕೂತು ಕುಡಿದರು. ನನಗೆ ಕೇಳಿದರೆ ವೈನ್ ಚೆನ್ನಾಗಿತ್ತು. ಬಾಯಲ್ಲಿ ನಿಂಬೆಯ ಹುಳಿ, ಮೂಗಿನಲ್ಲಿ ಮೆಕ್ಯಾನಿಕ್ ಶೆಡ್.

ಸೋವಿನ್ಯೋ ಬ್ಲಾಂ ದಿನದ ಬಗ್ಗೆ ಹೆಚ್ಚು ಹೇಳುವ ಹಾಗಿಲ್ಲ. ಆ ವೈನಿನ ವಾಸನೆಗೆ ತಜ್ಞರೇ ಬಳಸುವ ಒಂದು ಬಣ್ಣನೆ ಬೆಕ್ಕಿನ ಮೂತ್ರ. ಭಾವ ಅದನ್ನು ಎಲ್ಲರೂ ಮೊದಲ ಗುಟುಕು ಬಾಯಿಗೆ ಹಾಕಿಕೊಂಡ ಮೇಲೆ ಹೇಳಿದರು.

ನವೆಂಬರ್ ಬಂತೆಂದರೆ ಕ್ಯಾಲೆಂಡರಿನಲ್ಲಿ ಕಾಲಿಡಲು ಜಾಗವಿಲ್ಲ. 7ಕ್ಕೆ ಮೆರ್ಲೋ. ಎರಡನೇ ಗುರುವಾರ ಟೆಂಪ್ರಾನಿಯೋ. ಮೂರನೇ ಬುಧವಾರ ಜಿನ್‌ಫಂಡೆಲ್. ಮೂರನೇ ಗುರುವಾರ ಬೋಜೊಲೇ ನೂವೋ. 24ಕ್ಕೆ ಕಾರ್ಮೆನೇರ್. ಇವರೆಲ್ಲ ಸೇರಿ ಒಂದು ಮೀಟಿಂಗ್ ಮಾಡಿ ದಿನ ಹಂಚಿಕೊಳ್ಳಬಾರದಿತ್ತಾ? ಫೆಬ್ರವರಿಯಲ್ಲಿ ಎಷ್ಟೊಂದು ದಿನ ಖಾಲಿ ಬಿದ್ದಿವೆ.

ಆ ವರ್ಷ ಮೆರ್ಲೋ ದಿನ ಏನೂ ಚೆಲ್ಲಲಿಲ್ಲ, ಯಾರೂ ಓಡಲಿಲ್ಲ. ಭಾವ ಗ್ಲಾಸ್ ಎತ್ತಿ ಮೆರ್ಲೋ ಎಷ್ಟು ಮೃದು, ಎಷ್ಟು ದುಂಡಗೆ, ನಾಲಿಗೆ ಮೇಲೆ ಹೇಗೆ ಕೂರುತ್ತದೆ ಅಂತ ಉಪನ್ಯಾಸ ಕೊಟ್ಟರು. ಎಲ್ಲರೂ ತಲೆಯಾಡಿಸಿದರು. ಒಬ್ಬರು "ಹೌದು, ದುಂಡಗಿದೆ" ಅಂತಲೂ ಅಂದರು. ಎಲ್ಲ ಮುಗಿದು ಖಾಲಿ ಬಾಟಲಿ ಎತ್ತಿಡುವಾಗ ಅಕ್ಕ ಕನ್ನಡಕ ಹಾಕಿಕೊಂಡು ಚೀಟಿ ಓದಿದಳು. ಕಾರ್ಮೆನೇರ್.

ಬೇರೆಯವರಾಗಿದ್ದರೆ ನಾಚಿಕೊಳ್ಳುತ್ತಿದ್ದರು. ಭಾವ ಎದ್ದು ನಿಂತರು. "ಇಡೀ ಚಿಲಿ ದೇಶ ನೂರು ವರ್ಷಕ್ಕೂ ಮೇಲೆ ಇದೇ ತಪ್ಪು ಮಾಡಿತ್ತು, ಗೊತ್ತಾ?"

ಬೇಸರದ ಸಂಗತಿ ಏನಂದರೆ ಅವರು ಹೇಳಿದ್ದು ಪೂರ್ತಿ ನಿಜ. ಕಾರ್ಮೆನೇರ್ ಮೂಲತಃ ಫ್ರಾನ್ಸಿನ ಬೋರ್ಡೋ ಕಡೆಯ ತಳಿ. ಹತ್ತೊಂಬತ್ತನೇ ಶತಮಾನದ ನಡುವಿನಲ್ಲಿ ಬೋರ್ಡೋದ ಕಡ್ಡಿಗಳು ಚಿಲಿಗೆ ಹೋದವು. ಆಮೇಲೆ ಫಿಲೋಕ್ಸೆರಾ ಅನ್ನುವ ಬೇರು ತಿನ್ನುವ ಕೀಟ ಫ್ರಾನ್ಸಿನ ತೋಟಗಳನ್ನು ನೆಲಸಮ ಮಾಡಿತು. ತೋಟಗಳನ್ನು ಮತ್ತೆ ಕಟ್ಟುವಾಗ ಕಾರ್ಮೆನೇರನ್ನು ಹೆಚ್ಚುಕಡಿಮೆ ಕೈಬಿಟ್ಟರು. ಅದು ಮುಗಿದೇ ಹೋಯಿತು ಅಂದುಕೊಂಡಿದ್ದರು. ಅಷ್ಟು ಕಾಲವೂ ಅದು ಚಿಲಿಯಲ್ಲಿ ಮೆರ್ಲೋ ಗಿಡಗಳ ಮಧ್ಯೆ, ಮೆರ್ಲೋ ಹೆಸರಿನಲ್ಲೇ ಬೆಳೆಯುತ್ತಿತ್ತು. ಮೆರ್ಲೋಗಿಂತ ಕೆಲವು ವಾರ ತಡವಾಗಿ ಹಣ್ಣಾಗುವ ತಳಿ ಇದು. ಎರಡನ್ನೂ ಒಟ್ಟಿಗೆ ಕೊಯ್ದರೆ ಇದು ಇನ್ನೂ ಕಾಯಿ. ವೈನಿಗೆ ಹಸಿ ದೊಣ್ಣೆಮೆಣಸಿನ ವಾಸನೆ. ನಮ್ಮ ಮೆರ್ಲೋ ಸ್ವಲ್ಪ ವಿಚಿತ್ರ, ಅಷ್ಟೇ ಅಂತ ಜನ ಸುಮ್ಮನಿದ್ದರು. 1994ರ ನವೆಂಬರ್ 24ರಂದು ಎಲೆ, ಹೂವು ನೋಡಿ ದ್ರಾಕ್ಷಿ ಗುರುತಿಸುವ ಫ್ರೆಂಚ್ ತಜ್ಞ ಜಾನ್ ಮಿಶೆಲ್ ಬೂರ್ಸಿಕೋ ಅಲ್ಲಿನ ತೋಟದಲ್ಲಿ ನಿಂತು ಇದು ಮೆರ್ಲೋ ಅಲ್ಲ, ಕಾರ್ಮೆನೇರ್ ಅಂದರು. ಆ ದಿನವೇ ಈಗ ಕಾರ್ಮೆನೇರ್ ದಿನ.

"ಅಂದರೆ 24ಕ್ಕೆ ಕುಡಿಯಬೇಕಾದ್ದನ್ನ 7ಕ್ಕೇ ಕುಡಿದ್ರಿ. ಈಗ 24ಕ್ಕೆ ಏನು ಮಾಡ್ತೀರಿ?" ಅಕ್ಕನ ಪ್ರಶ್ನೆ.

"ಮೆರ್ಲೋ ಕುಡಿದರಾಯಿತು."

ಇಡೀ ಕ್ಯಾಲೆಂಡರಿನಲ್ಲಿ ನನಗೆ ಇಷ್ಟವಾದ ದಿನ ಅದು ಅಂತ ಇಲ್ಲೇ ಹೇಳಿಬಿಡುತ್ತೇನೆ. ಉಳಿದವು ಯಾರೋ ಏನೋ ಸಾಧಿಸಿದ ದಿನಗಳು, ಇಲ್ಲವೇ ಸುಮ್ನೆ ಇಟ್ಟುಕೊಂಡವು. ಇದು ಎಲ್ಲರೂ ಕೂಡಿ ಏಮಾರಿದ್ದಕ್ಕೆ ಇಟ್ಟ ದಿನ.

ಅದೇ ತಿಂಗಳು ಭಾವನ ಚಿಕ್ಕಪ್ಪ ಒಂದು ಬಾಟಲಿ ಹಿಡಿದು ಬಂದರು. ಬೋಜೊಲೇ ನೂವೋ. ಯಾರೋ ಉಡುಗೊರೆ ಕೊಟ್ಟಿದ್ದಂತೆ. ವೈನ್ ಹಳೆಯದಾದಷ್ಟೂ ರುಚಿ ಅಂತ ಕೇಳಿದ್ದ ಅವರು ಅದನ್ನು ಅಟ್ಟದ ಕತ್ತಲಲ್ಲಿ ವರ್ಷಗಟ್ಟಲೆ ಜೋಪಾನ ಮಾಡಿದ್ದರು. ಮಗನ ಮದುವೆಗೂ ತೆಗೆದಿರಲಿಲ್ಲ. ಪಾಪ, ಬೋಜೊಲೇ ನೂವೋ ಇರುವುದೇ ಅವಸರಕ್ಕೆ. ಗಾಮೇ ದ್ರಾಕ್ಷಿ ಕೊಯ್ದು ಕೆಲವೇ ವಾರಗಳಲ್ಲಿ ವೈನ್ ಮಾಡಿ ಬಾಟಲಿಗೆ ತುಂಬಿ, ನವೆಂಬರಿನ ಮೂರನೇ ಗುರುವಾರ ಮಾರಾಟಕ್ಕೆ ಬಿಡುತ್ತಾರೆ. 1985ಕ್ಕೆ ಮೊದಲು ಅದು ನವೆಂಬರ್ 15 ಇತ್ತು. ಕೆಲವು ತಿಂಗಳೊಳಗೆ ಕುಡಿದು ಮುಗಿಸಬೇಕು. ಭಾವನಿಗೆ ಇದು ಗೊತ್ತಿತ್ತು. ಚಿಕ್ಕಪ್ಪನ ಮುಖ ನೋಡಿ ಬಾಯಿ ಬರಲಿಲ್ಲ. ಬಿರಡೆ ತೆಗೆದರು. ಎಲ್ಲರೂ ಒಂದೊಂದು ಗುಟುಕು ಕುಡಿದೆವು. ಹಣ್ಣಿನ ಸುಳಿವಿಲ್ಲ, ಹುಳಿ ಮಾತ್ರ ಗಟ್ಟಿಯಾಗಿ ಉಳಿದಿತ್ತು.

"ಹೇಗಿದೆ?" ಅಂದರು ಚಿಕ್ಕಪ್ಪ.

"ಇಂಥದ್ದು ನಾನು ಈವರೆಗೆ ಕುಡಿದಿಲ್ಲ" ಅಂದರು ಭಾವ. ಚಿಕ್ಕಪ್ಪ ಖುಷಿಯಿಂದ ಇನ್ನೊಂದು ಗ್ಲಾಸ್ ಸುರಿದರು.

ಆ ಮಾತಿನ ಬಾಯಿ ತೊಳೆಯಲು ಭಾವ ಗಾಮೇ ಚರಿತ್ರೆ ತೆಗೆದರು. 1395ರಲ್ಲಿ ಬರ್ಗಂಡಿಯ ಡ್ಯೂಕ್ ಫಿಲಿಪ್ ಈ ಗಾಮೇಯನ್ನು ದ್ರೋಹಿ ಗಿಡ ಅಂತ ಬೈದು, ಕಿತ್ತುಹಾಕಿ ಅಂತ ಆಜ್ಞೆ ಮಾಡಿದ್ದ. ಅವನಿಗೆ ಪಿನೋ ಮೇಲೆ ಪ್ರೀತಿ. 1999ರಲ್ಲಿ ಡಿಎನ್‌ಎ ಪರೀಕ್ಷೆ ಮಾಡಿ ನೋಡಿದರೆ ಗಾಮೇ ಆ ಪಿನೋದ್ದೇ ಮಗು. ಎಲ್ಲರೂ ತಲೆ ಮೇಲೆ ಹೊತ್ತು ಮೆರೆಸುವ ಶಾರ್ಡೊನೇ ಅದರ ಒಡಹುಟ್ಟು. ಇಬ್ಬರ ಇನ್ನೊಂದು ಕಡೆಯ ಪೋಷಕ ಗ್ವೇ ಬ್ಲಾಂ ಅನ್ನುವ ಬಡವರ ದ್ರಾಕ್ಷಿ. ಹುಳಿ ಹುಳಿ, ಸಪ್ಪೆ, ಯಾರಿಗೂ ಬೇಡವಾದದ್ದು. ಆ ಪರೀಕ್ಷೆ ಮಾಡಿದವರಲ್ಲಿ ನಮ್ಮ ಬೂರ್ಸಿಕೋ ಕೂಡ ಒಬ್ಬರು. ಮಂದಿಯ ಮನೆಯ ಗುಟ್ಟು ಬಯಲು ಮಾಡುವುದೇ ಆ ಮನುಷ್ಯನ ಕೆಲಸ ಅಂತ ಕಾಣುತ್ತದೆ.

ಅಕ್ಕ ಫ್ರಿಜ್ ಹತ್ತಿರ ಹೋಗಿ ಕ್ಯಾಲೆಂಡರನ್ನು ಜನವರಿಯಿಂದ ಡಿಸೆಂಬರ್‌ವರೆಗೆ ಬೆರಳಿಟ್ಟು ಓದಿದಳು.

"ರೀ, ಗ್ವೇ ಬ್ಲಾಂ ದಿನ ಎಲ್ಲಿದೆ?"

ಭಾವ ತಡವರಿಸಿದರು. "ಅದಕ್ಕೆ ಇಲ್ಲ."

"ಶಾರ್ಡೊನೇನ ಹೆತ್ತವರಿಗೆ ಒಂದು ದಿನ ಇಲ್ವಾ? ಮಕ್ಕಳಿಗೆ ಮಾತ್ರ ಹಬ್ಬನಾ?" ಭಾವನ ಅಮ್ಮ ಕೂಡ ಒಳಗಿನಿಂದ ಬಂದು ನಿಂತರು. ಈ ವಿಷಯದಲ್ಲಿ ಅತ್ತೆ ಸೊಸೆ ಒಂದಾಗಿದ್ದನ್ನು ನೋಡಿ ಭಾವನಿಗೆ ಬೇರೆ ದಾರಿ ಉಳಿಯಲಿಲ್ಲ. ಅಕ್ಕ ಪೆನ್ನು ತೆಗೆದು ಜನವರಿಯ ಮೊದಲ ಭಾನುವಾರಕ್ಕೆ ಗ್ವೇ ಬ್ಲಾಂ ಅಂತ ಬರೆದಳು. ಅದನ್ನು ಆಚರಿಸದೆ ಮನೆಯಲ್ಲಿ ಬೇರೆ ಯಾವ ದ್ರಾಕ್ಷಿಗೂ ಬಾಟಲಿ ತೆರೆಯುವ ಹಾಗಿಲ್ಲ ಅಂತ ಷರತ್ತು ಹಾಕಿದಳು.

ಈಗ ಆ ವೈನ್ ಮಾಡುವವರು ಬೆರಳೆಣಿಕೆಯಷ್ಟು. ಸ್ವಿಟ್ಜರ್ಲೆಂಡಿನ ವಾಲೇ ಬೆಟ್ಟಗಳಲ್ಲಿ ಸ್ವಲ್ಪ, ಆಸ್ಟ್ರೇಲಿಯಾದ ರುದರ್‌ಗ್ಲೆನ್‌ನಲ್ಲಿ ಸ್ವಲ್ಪ. ಭಾವ ರಾತ್ರಿ ಹೊತ್ತು ಫೋನ್ ಹಿಡಿದು ಅಲ್ಲಿನವರಿಗೆ ಪತ್ರ ಬರೆಯುತ್ತಾ ಕೂರುತ್ತಾರೆ. ಆಫೀಸಿನವರ ತಮ್ಮ ವಾರಕ್ಕೊಮ್ಮೆ ಫೋನ್ ಮಾಡಿ ಬಾಟಲಿ ಬಂತಾ ಅಂತ ವಿಚಾರಿಸುತ್ತಾನೆ. ಅಕ್ಕ ಹೊಸ ಬಿಳಿ ಮೇಜುಬಟ್ಟೆ ಕೊಂಡು ಹಾಸಿದ್ದಾಳೆ.