ಮೂವತ್ತೇ ಪುಸ್ತಕ ಇಟ್ಕೊಳ್ಳಿ ಅಂತ ಮೇರಿ ಕೊಂಡೋ ಹೇಳಿಲ್ಲ ಕಣ್ರೀ
ನಮ್ಮ ಅಪಾರ್ಟ್‌ಮೆಂಟ್ ಗ್ರೂಪಲ್ಲಿ ಮತ್ತೆ ಅದೇ ಫಾರ್ವರ್ಡ್, ಮನೇಲಿ 30ಕ್ಕಿಂತ ಜಾಸ್ತಿ ಪುಸ್ತಕ ಇರಬಾರ್ದು ಅಂತ ಮನೆ ಅಚ್ಚುಕಟ್ಟಾಗಿ ಇಟ್ಕೊಳ್ಳೋದು ಹೇಗೆ ಅಂತ ಹೇಳ್ಕೊಡೋ ಜಪಾನಿನ ಮೇರಿ ಕೊಂಡೋ ಹೇಳಿದಾರಂತೆ. ತಪ್ಪು ಇದು. ತಾನು ಸುಮಾರು 30 ಇಟ್ಕೋತೀನಿ ಅಂದಿದ್ರು ಅಷ್ಟೇ, 2019ರಲ್ಲಿ ಅವ್ರ ನೆಟ್‌ಫ್ಲಿಕ್ಸ್ ಶೋ ಬಂದಾಗ ಅದೇ ಎಲ್ರಿಗೂ ರೂಲ್ ಅನ್ನೋ ಥರ ಹಬ್ಬಿಬಿಡ್ತು. ಅವ್ರ ವಿಧಾನ ಏನಪ್ಪಾ ಅಂದ್ರೆ ಒಂದೊಂದೇ ಸಾಮಾನು ಕೈಗೆ ತಗೊಂಡು ಮನಸ್ಸು ಅರಳುತ್ತಾ ನೋಡೋದು, ಅರಳಿದ್ರೆ ಇಟ್ಕೊಳ್ಳೋದು, ಇಲ್ಲಾಂದ್ರೆ ಥ್ಯಾಂಕ್ಸ್ ಹೇಳಿ ಕಳಿಸೋದು. ಹಾಗೆ ನೋಡಿದ್ರೆ ನಮ್ ಶೋಕೇಸಲ್ಲಿರೋ, ಮೂಗಿನ ಬಣ್ಣ ಎದ್ದುಹೋಗಿರೋ ಅಜ್ಜಿ ಕಾಲದ ಚನ್ನಪಟ್ಟಣದ ಗೊಂಬೆನೂ ಪಾಸೇ! ಬಿಳಿ ಗೋಡೆ, ಖಾಲಿ ಟೇಬಲ್ ಇಷ್ಟ ಇರೋರು ಹಾಗೇ ಇಟ್ಕೊಳ್ಳಿ, ಚೆನ್ನಾಗೇ ಇರುತ್ತೆ, ಆದ್ರೆ ಆಕೆ ಹೆಸ್ರು ಹೇಳಿ ತುಂಬಿದ ಮನೇನ ಗೋಡೌನ್ ಅನ್ಬೇಡಿ, ನಿಜವಾಗ್ಲೂ ಬೇಜಾರಾಗುತ್ತೆ. ಮೂರನೇ ಮಗು ಆದ್ಮೇಲೆ ಅಚ್ಚುಕಟ್ಟು ಒಂಚೂರು ಕೈಬಿಟ್ಟಿದೀನಿ ಅಂತ ಅವ್ರೇ 2023ರಲ್ಲಿ ಹೇಳಿದಾರೆ. ಪಕ್ಕದ್ಮನೆ ಆಂಟಿ ಈ ಮೆಸೇಜ್ ನೋಡಿ ಮಾವನವರ ಹಳೇ ದೀಪಾವಳಿ ವಿಶೇಷಾಂಕಗಳನ್ನೆಲ್ಲ ರದ್ದಿಗೆ ಹಾಕೋಕೆ ದಾರ ಸುತ್ತಿ ಇಟ್ಟಿದ್ರು, ನಿನ್ನೆ ವಿಷ್ಯ ಹೇಳಿದ್ಮೇಲೆ ದಾರ ಬಿಚ್ಚಿ ಮತ್ತೆ ಕಪಾಟಲ್ಲಿ ಜೋಡಿಸಿದ್ರು.