ಸೂಪರ್ ಗ್ಲೂ, ಅಡುಗೆ ಸೋಡಾ ಮತ್ತು ಫೈಬರ್ ಬಾಡಿಯ ಬಿರುಕು

ಬಿರುಕಿಗೆ ಸೂಪರ್ ಗ್ಲೂ ಹಾಕಿ ಅಡುಗೆ ಸೋಡಾ ಉದುರಿಸಿದರೆ ಕಾರಿನ ಫೈಬರ್ (ಫೈಬರ್‌ಗ್ಲಾಸ್) ಬಾಡಿ ಹೊಸದರಷ್ಟೇ ಗಟ್ಟಿ ಅನ್ನೋ ವಿಡಿಯೋ ಮತ್ತೆ ಮತ್ತೆ ಬರುತ್ತಿದೆ. ಇದು ಸರಿಯಲ್ಲ. ಎರಡೂ ಸೇರಿದ ಕೂಡಲೇ ಕಲ್ಲಿನಂತಾಗುವುದು ನಿಜ, ಹಾಗಾಗಿ ನಂಬುವುದೂ ಸಹಜ ಅಲ್ವಾ. ಆದರೆ ಫೈಬರ್‌ಗ್ಲಾಸಿನ ಬಲ ಇರುವುದು ಗಾಜಿನ ಎಳೆಗಳಲ್ಲಿ. ತುಂಡಾದ ಎಳೆಗಳನ್ನು ಸೋಡಾ ಬೆಸೆಯುವುದಿಲ್ಲ. ಬೆಂಗಳೂರಲ್ಲೇ ತಯಾರಾಗುತ್ತಿದ್ದ ಸಿಪಾನಿ ಡಾಲ್ಫಿನ್‌ನಂಥ ಹಳೇ ಕಾರಿನ ಬಾಡಿ ಓಡುವಾಗ ಅದುರುತ್ತಲೇ ಇರುತ್ತದೆ, ಬಾಗಲು ಬಾರದ ಆ ಗಟ್ಟಿ ಪುಡಿ ಮತ್ತೆ ಬಿರುಕು ಬಿಡುತ್ತದೆ. ಸರಿಯಾಗಿ ರಿಪೇರಿ ಮಾಡಲು ಮಾಸ್ಕ್ ಹಾಕಿಕೊಂಡು, ಒಳಬದಿಯಲ್ಲಿ ಬಿರುಕಿನ ಸುತ್ತ ಅಗಲವಾಗಿ, ಇಳಿಜಾರು ಬರುವಂತೆ ಉಜ್ಜಿ, ರೆಸಿನ್‌ನಲ್ಲಿ (ಒಣಗಿ ಗಟ್ಟಿಯಾಗುವ ಅಂಟು ದ್ರವ) ನೆನೆಸಿದ ಮ್ಯಾಟನ್ನು (ಗಾಜಿನ ಎಳೆಗಳ ಹಾಸು) ಪದರ ಪದರವಾಗಿ ಕೂರಿಸಬೇಕು.

ಸುಮ್ನೆ ನನ್ನ ಮಾತು ನಂಬಬೇಡಿ. ಹಳೇ ಫೈಬರ್ ಶೀಟಿನ ಎರಡು ತುಂಡು ಮುರಿದು, ಒಂದಕ್ಕೆ ಸೋಡಾ, ಇನ್ನೊಂದಕ್ಕೆ ಮ್ಯಾಟ್ ಹಾಕಿ, ಮಾರನೇ ದಿನ ಬಗ್ಗಿಸಿ ನೋಡಿ. ವಿಡಿಯೋದಲ್ಲಿ ಅಂಟಿಸಿದ ಮೇಲೆ ಬಗ್ಗಿಸಿ ತೋರಿಸಿದ್ದಾರಾ, ಕೆಲವು ತಿಂಗಳು ಓಡಿಸಿದ ಮೇಲಿನ ಚಿತ್ರ ಇದೆಯಾ, ಅದನ್ನೂ ಗಮನಿಸಿ.