ಹಗಲು ನೋಡಬೇಕೆಂದ ದೆವ್ವ

ಮಕ್ಕಳ ಸಿನಿಮಾ ಅಂದ ಮೇಲೆ ವಿಲನ್ ಇರಲೇಬೇಕಾ? ಕೆಕ್ಕರಿಸಿ ನೋಡುವ ಒಬ್ಬ ಕೆಟ್ಟವನು, ಕೊನೆಗೆ ಅವನು ಕೆಸರಿಗೆ ಬೀಳುವುದು. ನೋಡಿ ನೋಡಿ ಸಾಕಾಗಿದೆ. ಅದಕ್ಕೇ 2013ರ ಜರ್ಮನ್ ಸಿನಿಮಾ ‘ದಾಸ್ ಕ್ಲೈನೆ ಗೆಶ್ಪೆನ್‌ಸ್ಟ್’ ನನಗೆ ಅಷ್ಟು ಇಷ್ಟ. ಒಂದು ಪುಟ್ಟ ದೆವ್ವದ ಕಥೆ. ನಿರ್ದೇಶಕ ಅಲೈನ್ ಗ್ಸ್ಪೋನರ್. ಓಟ್‌ಫ್ರೀಡ್ ಪ್ರಾಯ್ಸ್ಲರ್ 1966ರಲ್ಲಿ ಬರೆದ ಪುಸ್ತಕ ಇದಕ್ಕೆ ಮೂಲ. ಪ್ರಾಯ್ಸ್ಲರ್ ಪ್ರೈಮರಿ ಸ್ಕೂಲ್ ಮೇಷ್ಟ್ರಾಗಿದ್ದವರು. ಮಕ್ಕಳನ್ನು ಎಷ್ಟು ಹೆದರಿಸಬಹುದು, ಎಲ್ಲಿ ನಗಿಸಿಬಿಡಬೇಕು ಅನ್ನುವುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಓಯ್ಲೆನ್‌ಷ್ಟೈನ್ ಅನ್ನುವ ಕೋಟೆಯ ಅಟ್ಟದಲ್ಲಿ ಒಂದು ಹಳೇ ಪೆಟ್ಟಿಗೆ. ಅದರೊಳಗೆ ನಮ್ಮ ದೆವ್ವದ ವಾಸ. ರಾತ್ರಿ 12ಕ್ಕೆ ಏಳುತ್ತದೆ, ಒಂದಕ್ಕೆ ಮಲಗುತ್ತದೆ. ಕೈಯಲ್ಲಿ 13 ಬೀಗದಕೈ ಇರುವ ಗೊಂಚಲು. ಅದನ್ನು ಸುಮ್ನೆ ಆಡಿಸಿದರೆ ಸಾಕು, ಎಂಥ ಬಾಗಿಲಾದರೂ ತೆರೆದುಕೊಳ್ಳುತ್ತದೆ. ಮಾತಿಗೆ ಒಬ್ಬ ಗೂಬೆ ಗೆಳೆಯ. ಇಷ್ಟೆಲ್ಲ ಇದ್ದೂ ಅದಕ್ಕೊಂದೇ ಕೊರಗು. ಹಗಲು ಹೇಗಿರುತ್ತದೆ ಅಂತ ಒಮ್ಮೆಯಾದರೂ ನೋಡಬೇಕು.

ಆಸೆ ಈಡೇರುವ ರೀತಿಯೇ ಮಜಾ. ಊರಿನ ಟೌನ್‌ಹಾಲ್ ಗಡಿಯಾರ ಸರಿಯಾಗಿ 12 ತಾಸು ಹಿಂದುಮುಂದಾಗಿಬಿಡುತ್ತದೆ. ಊರವರಿಗೆ ಏನೂ ಗೊತ್ತಾಗುವುದಿಲ್ಲ. ಹೇಗೆ ಗೊತ್ತಾಗಬೇಕು? ಮುಳ್ಳುಗಳು ಇರಬೇಕಾದ ಜಾಗದಲ್ಲೇ ಇವೆ, ಗಂಟೆಯೂ ಲೆಕ್ಕದಂತೆ ಹೊಡೆಯುತ್ತದೆ. ಎಡವಟ್ಟಾಗುವುದು ಆ ಗಡಿಯಾರದ ಲೆಕ್ಕಕ್ಕೇ ಏಳುವ ದೆವ್ವಕ್ಕೆ ಮಾತ್ರ. ನಡುಮಧ್ಯಾಹ್ನ ಎದ್ದು ಕೂರುತ್ತದೆ! ಯಾರದೂ ದುರುದ್ದೇಶವಿಲ್ಲ, ಯಾರೂ ಸಂಚು ಹೂಡಿಲ್ಲ, ಆದರೂ ಊರಿಗೆ ಊರೇ ಅಲ್ಲೋಲಕಲ್ಲೋಲ. ಇಂಥ ಕಥೆ ಕಟ್ಟುವುದು ವಿಲನ್ ತಂದು ನಿಲ್ಲಿಸುವುದಕ್ಕಿಂತ ಎಷ್ಟೋ ಕಷ್ಟ.

ಇನ್ನು ಆ ಟೋರ್ಸ್ಟೆನ್ಸನ್ ಜನರಲ್. ಹಿಂದೆ ಕೋಟೆಗೆ ಮುತ್ತಿಗೆ ಹಾಕಿದ್ದ ಸ್ವೀಡನ್ ದಂಡನಾಯಕ. ಇದೇ ದೆವ್ವ ಹೆದರಿಸಿ ಓಡಿಸಿತ್ತು. ಊರವರು ಆ ಮುತ್ತಿಗೆಯ ನೆನಪಿಗೆ ವೇಷ ಹಾಕಿ ಉತ್ಸವ ಮಾಡಿದರೆ, ಪಾಪ, ದೆವ್ವ ಅದನ್ನು ನಿಜ ಅಂದುಕೊಂಡು ಮತ್ತೆ ಯುದ್ಧಕ್ಕೆ ಇಳಿಯುತ್ತದೆ. ಅಂದಹಾಗೆ ಲೆನಾರ್ಟ್ ಟೋರ್ಸ್ಟೆನ್ಸನ್ ಇತಿಹಾಸದಲ್ಲೂ ಇದ್ದವನೇ. 1618ರಿಂದ 1648ರವರೆಗೆ ನಡೆದ ಮೂವತ್ತು ವರ್ಷಗಳ ಯುದ್ಧದಲ್ಲಿ ಹೆಸರು ಮಾಡಿದವನು. ಕೀಲುನೋವು ಜಾಸ್ತಿಯಾಗಿ ಪಲ್ಲಕ್ಕಿಯಲ್ಲಿ ಹೊರಿಸಿಕೊಂಡೇ ಸೈನ್ಯ ನಡೆಸುತ್ತಿದ್ದನಂತೆ. ಅಂಥವನನ್ನು ಹೆದರಿಸಿದ್ದು ದೊಡ್ಡಸ್ತಿಕೆಯಾ ಅಂತ ಒಂದು ಅನುಮಾನ ನನಗೆ.

ಒಂದು ವಿಷಯ ಮಾತ್ರ ಇರಿಸುಮುರಿಸು. ಬಿಸಿಲು ತಾಗಿದ ಕೂಡಲೇ ಬೆಳ್ಳಗಿದ್ದ ದೆವ್ವ ಕಪ್ಪಾಗುತ್ತದೆ, ಜನ ಕಂಡಲ್ಲಿ ಕಿರುಚುತ್ತಾರೆ. ಮತ್ತೆ ಬೆಳ್ಳಗಾದ ಮೇಲೆಯೇ ಎಲ್ಲ ಸುಖ. ಕಪ್ಪು ಅಂದರೆ ಹೆದರಿಕೆ, ಬಿಳಿ ಅಂದರೆ ಒಳ್ಳೆಯದು ಅನ್ನುವ ಪಾಠ ನಮ್ಮ ಮಕ್ಕಳಿಗೆ ಮುಖದ ಕ್ರೀಮಿನ ಜಾಹೀರಾತುಗಳಲ್ಲೇ ಬೇಕಾದಷ್ಟು ಸಿಗುತ್ತದೆ, ಅಲ್ವಾ? ಒಳಗಿನ ದೆವ್ವ ಬದಲಾಗಿಲ್ಲ, ನೋಡುವವರ ಕಣ್ಣು ಮಾತ್ರ ಬದಲಾಗಿದೆ ಅಂತಲೂ ವಾದಿಸಬಹುದು. ಆದರೆ ಆರು ವರ್ಷದ ಮಗು ಅಷ್ಟು ದೂರ ಯೋಚಿಸುತ್ತದೆ ಅನ್ನಿಸುವುದಿಲ್ಲ. ಆ ದೃಶ್ಯ ಬಂದಾಗ ಪಕ್ಕದಲ್ಲಿ ಕೂತು ಒಂದೆರಡು ಮಾತಾಡಿ.

ಕಾರ್ಲ್ ಅನ್ನುವ ಹುಡುಗನ ಭಾಗ ಚೆನ್ನಾಗಿದೆ. ದೆವ್ವ ಕಂಡೆ ಅಂದರೆ ಯಾರೂ ನಂಬುವುದಿಲ್ಲ. ದೊಡ್ಡವರ ಪಾತ್ರಗಳದ್ದು ಸ್ವಲ್ಪ ಓವರ್ ಆಕ್ಟಿಂಗ್. ಕಣ್ಣರಳಿಸುವುದು, ಬಾಯಿ ಬಿಡುವುದು. ಅಷ್ಟು ಬೇಕಿರಲಿಲ್ಲ. ದೆವ್ವವೇ ಅವರೆಲ್ಲರಿಗಿಂತ ಹದವಾಗಿ ನಟಿಸಿದೆ.